ದೇವರಿಗಿಂತ ಮೊದಲು ಟೆಸ್ಟು

ಮುಳಬಾಗಿಲಿನಲ್ಲಿ ನಮ್ಮ ಸುಮಧ್ವನಷ್ಟು ನೆಮ್ಮದಿಯಾಗಿ ತಪ್ಪು ಮಾಡುವ ಮನುಷ್ಯ ಇನ್ನೊಬ್ಬನಿರಲಿಲ್ಲ. ತಪ್ಪು ಎಲ್ಲರೂ ಮಾಡುತ್ತಾರೆ, ಅದರಲ್ಲೇನೂ ಹೆಚ್ಚುಗಾರಿಕೆಯಿಲ್ಲ. ಆದರೆ ಇವನು ಮಾಡುವುದನ್ನೆಲ್ಲ ಮಾಡಿ, ಕನ್ನಡಕ ಮೇಲಕ್ಕೇರಿಸಿಕೊಂಡು, "ಜೀರೋ ಎರರ್ಸ್, ಜೀರೋ ವಾರ್ನಿಂಗ್ಸ್!" ಎಂದು ಘೋಷಿಸುತ್ತಿದ್ದ. ಸ್ಕೂಟರಿಗೆ ಪೆಟ್ರೋಲ್ ಹಾಕಿಸದೆ ತಳ್ಳಿಕೊಂಡು ಬರುವಾಗಲೂ ಅದೇ ಮಾತು.

ಆಗಿನ್ನೂ ಎಸ್‌ಟಿಡಿ ಬೂತಿಗೆ ಮರ್ಯಾದೆ ಇದ್ದ ಕಾಲ. ಕೆಳಗೆ ನನ್ನ ಬೂತು ಮತ್ತು ಜೆರಾಕ್ಸ್ ಮೆಷಿನ್ನು, ಮೇಲೆ ಸುಮಧ್ವನ ಕಂಪ್ಯೂಟರ್ ಸೆಂಟರ್ರು. ನನಗೆ ಕುತೂಹಲ ಅನ್ನುವುದು ಒಂದು ಕಾಯಿಲೆ. ಯಾರೇನು ಮಾಡುತ್ತಿದ್ದರೂ ಪಕ್ಕದಲ್ಲಿ ನಿಂತು "ಅದ್ಯಾಕೆ ಹಂಗೆ?" ಎಂದು ಕೇಳದಿದ್ದರೆ ಅನ್ನ ಇಳಿಯುವುದಿಲ್ಲ. ಹಾಗಾಗಿ ಗಿರಾಕಿ ಇಲ್ಲದಾಗ ಮೇಲೆ ಹತ್ತಿ ಹೋಗಿ ಅವನ ತಲೆ ತಿನ್ನುತ್ತಿದ್ದೆ.

"ನೋಡೋ ನರೇಶ, ನಾವು ಬರೆದಿದ್ದನ್ನ ಕಂಪ್ಯೂಟರ್ ನಡೆಸೋಕೆ ಮುಂಚೆ ಕಂಪೈಲರ್ ಅಂತ ಒಂದು ಕೂತು ಪೂರ್ತಿ ಓದುತ್ತೆ. ಅಂಕಿ ಇರೋ ಜಾಗದಲ್ಲಿ ಅಕ್ಷರ ಇದ್ರೆ, ಒಂದು ಚುಕ್ಕಿ ಬಿಟ್ಟಿದ್ರೆ, ಹೆಸರು ತಪ್ಪಿದ್ರೆ, ಸರಿಮಾಡ್ಕೊಂಡ್ ಬಾ ಹೋಗೋ ಅಂತ ಬಾಗಿಲಲ್ಲೇ ವಾಪಸ್ ಕಳಿಸುತ್ತೆ. ಅದು ಒಳಗೆ ಬಿಡ್ತು ಅಂದ್ರೆ ಮುಗೀತು."

"ಮುಗೀತು ಅಂದ್ರೆ? ಉತ್ತರ ಸರಿ ಬತ್ತದಾ?"

"ತಪ್ಪಿಲ್ಲ ಅಂದ್ಮೇಲೆ ಸರಿ ಅಲ್ವೇನೋ?"

ನನಗೆ ಅಷ್ಟು ಖಾತ್ರಿಯಾಗಲಿಲ್ಲ. ಕಾರಣ, ನಮ್ಮ ಕಟ್ಟಡದ ಓನರ್ ವೆಂಕಟರಮಣಪ್ಪನವರು. ರಿಟೈರಾದ ರೆವಿನ್ಯೂ ಇನ್ಸ್‌ಪೆಕ್ಟರು, ಗೌನಿಪಲ್ಲಿ ಕಡೆಯವರು, ತೆಲುಗು ಬೆರೆಸದೆ ಅವರಿಗೆ ಉಸಿರೂ ಆಡುವುದಿಲ್ಲ. ಅವರ ಮಾವಿನ ತೋಪಿನ ಎಕರೆಯನ್ನು ಗುಂಟೆಗೆ ತಿರುಗಿಸಲು ಸುಮಧ್ವ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದ. ಎಕರೆಗೆ ನಲವತ್ತು ಗುಂಟೆ ಎಂದು ಹಾಕುವ ಕಡೆ ನೂರು ಎಂದು ಹಾಕಿದ್ದ. ಎರಡೂ ಅಂಕಿಯೇ ಆದ್ದರಿಂದ ಕಂಪೈಲರ್ ತುಟಿ ಪಿಟಕ್ಕೆನ್ನಲಿಲ್ಲ. ವೆಂಕಟರಮಣಪ್ಪನವರು ಕಾಗದ ಹಿಡಿದುಕೊಂಡು, "ಏಮಿರಾ ಇದಿ? ನಾನು ಸರ್ವೀಸಲ್ಲಿ ಇದ್ದಾಗ ಅಳೆದ್ರೂ ಇಷ್ಟು ಬಂದಿರ್ಲಿಲ್ಲವಲ್ಲೋ!" ಎಂದು ಮೆಟ್ಟಿಲ ಮೇಲೆಯೇ ಕೂತುಬಿಟ್ಟಿದ್ದರು. ಸುಮಧ್ವ ಮಾತ್ರ, "ಸಾರ್, ಪ್ರೋಗ್ರಾಂ ತಪ್ಪಿಲ್ಲ, ಜೀರೋ ಎರರ್ಸ್" ಎಂದ.

ಅವನ ಈ ನಂಬಿಕೆ ಮನೆಯಿಂದಲೇ ಬಂದದ್ದು ಎಂದು ನನ್ನ ಅಂದಾಜು. ಅವನ ತಾಯಿ ಅಂಬಾಬಾಯಿಯವರದು ಮಾಧ್ವರ ಮಡಿ ಅಡುಗೆಮನೆ. ಮಾಡಿದ್ದೆಲ್ಲ ಮೊದಲು ದೇವರಿಗೆ ನೈವೇದ್ಯವಾಗಬೇಕು. ಅಲ್ಲಿಯವರೆಗೆ ಒಂದು ತೊಟ್ಟು ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡುವಂತಿಲ್ಲ. ನೋಡಿದರೆ ಎಂಜಲು. ಮೂಗರಳಿಸಿ 'ಆಹಾ' ಅನ್ನುವುದೂ ಸಲ್ಲದು. ನಾವು ಒಕ್ಕಲು ಮಕ್ಕಳು. ನಮ್ಮ ಮನೆಯಲ್ಲಿ ಹುಳಿ ಒಲೆಯಿಂದ ಇಳಿಯುವಷ್ಟರಲ್ಲಿ ಕಾಲು ಭಾಗ ರುಚಿ ನೋಡುವುದರಲ್ಲೇ ಹೋಗಿರುತ್ತದೆ. ಅದಕ್ಕೇ ಒಮ್ಮೆ ಕೇಳಿಯೂ ಬಿಟ್ಟಿದ್ದೆ: "ಹಂಗಾದ್ರೆ ಉಪ್ಪು ಸರಿಯಾಗಿದೆ ಅಂತ ಹೆಂಗಮ್ಮಾ ಗೊತ್ತಾಗೋದು?"

"ಹಾಕೋವಾಗ್ಲೇ ಸರಿಯಾಗಿ ಹಾಕಿದ್ರೆ ಆಮೇಲೆ ನೋಡೋದೇನಿರುತ್ತೋ?" ಎಂದಿದ್ದರು ಆಕೆ.

ಆಕೆಯ ಕಾವಲು ಎಲ್ಲ ಮೊದಲೇ. ಮಳೆಗಾಲದಿಂದ ಶುರುವಾಗುವ ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದು ವ್ರತ. ಒಂದು ತಿಂಗಳು ತರಕಾರಿ ಇಲ್ಲ, ಆಮೇಲೆ ಮೊಸರಿಲ್ಲ, ಆಮೇಲೆ ಹಾಲಿಲ್ಲ, ಕಡೆಗೆ ಬೇಳೆಯಿಲ್ಲ. ಆಯಾ ತಿಂಗಳ ನಿಷಿದ್ಧ ಪದಾರ್ಥ ಅಡುಗೆಮನೆಯ ಹೊಸಿಲ ಹತ್ತಿರ ಸುಳಿದರೂ ಆಕೆಯ ಕಣ್ಣಿಗೆ ಬೀಳುತ್ತಿತ್ತು. "ನಮ್ಮಮ್ಮನೇ ಕಂಪೈಲರ್ ಕಣೋ" ಎಂದು ಸುಮಧ್ವ ಹೆಮ್ಮೆಪಡುತ್ತಿದ್ದ.

ಇಂಥ ಮನೆಗೆ ಸೊಸೆ ತರುವ ಪ್ರಸ್ತಾಪ ಬಂತು.

ಹುಡುಗಿ ಮೃದುಲಾ, ಶ್ರೀನಿವಾಸಪುರದವಳು. ತಂದೆ ನರಸಿಂಹಾಚಾರ್ರು ಮಾವಿನ ಮಂಡಿಯೊಂದರಲ್ಲಿ ಅಕೌಂಟೆಂಟು. ಹುಡುಗಿ ಕೋಲಾರದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು, ಹಳ್ಳಿಯ ಹಾಲಿನ ಡೇರಿಗಳಿಗೆ ಪ್ರೋಗ್ರಾಂ ಬರೆದುಕೊಡುವ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಫೋಟೋ ಬಂದ ದಿನದಿಂದ ಸುಮಧ್ವ ಅದನ್ನು ಫ್ಲಾಪಿ ಡಬ್ಬದಲ್ಲಿಟ್ಟುಕೊಂಡು, ಫ್ಲಾಪಿ ತೆಗೆಯುವ ನೆಪದಲ್ಲಿ ಹೊತ್ತುಹೊತ್ತಿಗೆ ನೋಡುತ್ತಿದ್ದ. ಹುಡುಗಿಯೂ ಪ್ರೋಗ್ರಾಂ ಬರೆಯುತ್ತಾಳೆ ಎನ್ನುವುದು ತಿಳಿದ ಮೇಲಂತೂ ಅವನ ಕಾಲು ನೆಲದ ಮೇಲಿರಲಿಲ್ಲ. "ಇದೊಂದು ಆಗ್ಲಿಲ್ಲ ಅಂದ್ರೆ ನಾನು ಮದ್ವೇನೇ ಆಗಲ್ಲ ಕಣೋ ನರೇಶ" ಎಂದ. ಅವನ ಮುಖ ನೋಡಿದರೆ ತಮಾಷೆ ಮಾಡಬೇಕು ಅನ್ನಿಸಲಿಲ್ಲ.

ನವರಾತ್ರಿಯ ಮೊದಲ ಭಾನುವಾರ ನನ್ನ ಹಳೇ ಓಮ್ನಿ ವ್ಯಾನಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಅಂಬಾಬಾಯಿಯವರು ಮತ್ತು ಅವರ ಪಕ್ಕದ ಮನೆಯ ಭಾರತಮ್ಮ. ಭಾರತಮ್ಮನವರನ್ನು ಯಾರೂ ಕರೆದಿರಲಿಲ್ಲ. ಆಕೆ ಬರದೇ ಹೋದರೆ ಮುಳಬಾಗಿಲಿಗೆ ಸುದ್ದಿ ತಲುಪಿಸುವವರು ಯಾರು?

ಮೊದಲೆಲ್ಲ ಚೆನ್ನಾಗಿಯೇ ನಡೆಯಿತು. ಹಾಲಿನ ವ್ರತದ ತಿಂಗಳು, ಆದ್ದರಿಂದ ಹಾಲಿಲ್ಲದ ಕಾಫಿ ಬಂತು. ಅದನ್ನು ನೋಡಿಯೇ ಅಂಬಾಬಾಯಿಯವರ ಮುಖ ಅರಳಿತು. "ಶನಿವಾರ ನಮ್ಮನೇಲಿ ಶ್ರೀನಿವಾಸ ದೇವರ ಸಮಾರಾಧನೆ ಇಟ್ಕೊಂಡಿದ್ದೀವಿ. ತಂದೆ ಮಗಳು ಇಬ್ಬರೂ ಪ್ರಸಾದಕ್ಕೆ ಬರ್ಲೇಬೇಕು" ಎಂದು ಆಗಲೇ ಕರೆದೂಬಿಟ್ಟರು. ಒಳಗಿನಿಂದ ಸಜ್ಜಿಗೆ ಬಂತು. "ಮೃದುಲಾನೇ ಮಾಡಿದ್ದು, ದೇವರಿಗೆ ಆಗಿದೆ" ಎಂದರು ನರಸಿಂಹಾಚಾರ್ರು. ಅಂಬಾಬಾಯಿಯವರು ತಟ್ಟೆ ಕೈಗೆತ್ತಿಕೊಂಡರು.

ಅಷ್ಟರಲ್ಲಿ ಸುಮಧ್ವ ಬಾಯಿ ತೆರೆದ. ಹುಡುಗಿಯನ್ನು ಹಾಡು ಬರುತ್ತಾ, ರಂಗೋಲಿ ಬರುತ್ತಾ ಎಂದು ಕೇಳುವುದು ಲೋಕರೂಢಿ. ಇವನು, "ಪ್ರೋಗ್ರಾಂ ಸರಿ ಇದೆ ಅಂತ ನೀವು ಹೇಗೆ ತೀರ್ಮಾನ ಮಾಡ್ತೀರಾ?" ಎಂದು ಕೇಳಿದ.

ಹುಡುಗಿಯ ಕಣ್ಣು ಮಿಂಚಿತು. ಅಲ್ಲಿಯವರೆಗೆ ಕುರ್ಚಿಯ ತುದಿಯಲ್ಲಿ ಕೂತಿದ್ದವಳು ಹಿಂದಕ್ಕೆ ಸರಿದು ನೆಟ್ಟಗೆ ಕೂತಳು. "ಕ್ಯಾಲನೂರಲ್ಲಿ ಏನಾಯ್ತು ಗೊತ್ತಾ? ಒಬ್ಬಾಕೆ ಹಸು ಹಾಲು ಹಾಕ್ತಾರೆ. ಎಂಟು ಲೀಟರ್ ಹಾಲು, ನಾಲ್ಕು ಫ್ಯಾಟು, ಅಂದ್ರೆ ಕೊಬ್ಬಿನಂಶ. ನಮ್ಮಲ್ಲಿ ಮುಂಚೆ ಇದ್ದವರು ಬರೆದ ಪ್ರೋಗ್ರಾಮಲ್ಲಿ ಎರಡೂ ಅದಲುಬದಲಾಗಿ, ನಾಲ್ಕು ಲೀಟರ್ ಹಾಲು, ಎಂಟು ಫ್ಯಾಟು ಅಂತ ಚೀಟಿ ಬಂತು. ಕಂಪೈಲರ್ ಏನೂ ಅನ್ಲಿಲ್ಲ. ಡೇರಿ ಸೆಕ್ರೆಟರಿ, 'ಎಮ್ಮೆ ಹಾಲು ಬೆರೆಸ್ತೀಯಾ' ಅಂತ ಆಯಮ್ಮನ ಮೇಲೆ ಬಿದ್ರು. ಆಯಮ್ಮ ಹಸೂನೇ ಡೇರಿ ಬಾಗಿಲಿಗೆ ಹಿಡ್ಕೊಂಡು ಬಂದು, 'ಇದು ಹಸುವಾ ಎಮ್ಮೆಯಾ, ನೀನೇ ಹೇಳ್ಲಾ' ಅಂತ ಕಟ್ಟಿಹಾಕಿ ಹೋಗಿಬಿಟ್ರು."

"ದೊಡ್ಡಮುನಿಯಮ್ಮ!" ಎಂದು ನಾನು ಕೂಗಿದೆ. "ಅದು ನಮ್ಮ ದೊಡ್ಡಮ್ಮ ಕಣಮ್ಮ! ಆ ಹಸು ಡೇರಿ ಒಳಗೆ ಏನೇನು ಮಾಡ್ತು ಗೊತ್ತಾ?"

ಯಾರೂ ಕೇಳಿಸಿಕೊಳ್ಳಲಿಲ್ಲ. ಮೃದುಲಾ ಮುಂದುವರಿಸಿದಳು: "ಅವತ್ತಿಂದ ನಾನು ಮೊದಲು ಟೆಸ್ಟು. ಟೆಸ್ಟ್ ಮಾಡಿ ನೋಡದೆ ಏನೂ ಮುಂದಕ್ಕೆ ಬಿಡಲ್ಲ. ಒಂದ್ಸಲ ಅಲ್ಲ, ಪ್ರತಿ ಹೆಜ್ಜೆಗೂ ಟೆಸ್ಟೇ."

ಅಂಬಾಬಾಯಿಯವರು ಬಾಯಿಯ ಹತ್ತಿರಕ್ಕೆ ತಂದಿದ್ದ ತುತ್ತು ಅಲ್ಲೇ ನಿಂತಿತು. ಅವರಿಗೆ ಎಡಗಿವಿ ಸ್ವಲ್ಪ ಮಂದ, ಹುಡುಗಿ ಕೂತಿದ್ದುದು ಎಡಕ್ಕೆ. ಅವರು ಬಲ್ಲ ಇಂಗ್ಲಿಷಿನಲ್ಲಿ ಇದ್ದದ್ದು 'ಟೇಸ್ಟು' ಒಂದೇ.

"ಟೇಸ್ಟ್ ನೋಡ್ತೀಯಾ?" ಎಂದರು ಮೆಲ್ಲಗೆ. "ದೇವರಿಗೆ ಕೊಡೋಕೆ ಮುಂಚೇನಾ?"

ಇಲ್ಲಿ ನೋಡಿ ವಿಧಿಯಾಟ. ಮೃದುಲಾಳ ಆಫೀಸಿನ ಗೋಡೆಯ ಮೇಲೆ 'ಗ್ರಾಹಕರೇ ದೇವರು' ಎಂದು ದೊಡ್ಡ ಬೋರ್ಡಿದೆಯಂತೆ. ಅಲ್ಲಿ ಎಲ್ಲರೂ ಗಿರಾಕಿಯನ್ನು ತಮಾಷೆಗೆ ದೇವರು ಎಂದೇ ಕರೆಯುತ್ತಾರಂತೆ. ಅಜ್ಜಿಯಂಥವರಿಗೂ ತನ್ನ ಕೆಲಸ ಅರ್ಥವಾಗುತ್ತಿದೆಯಲ್ಲ ಎಂದು ಹುಡುಗಿ ಹಿಗ್ಗಿಹೋದಳು.

"ಮುಂಚೇನೇ ಅಮ್ಮ! ಕೆಟ್ಟಿದ್ರೆ ದೇವರಿಗೆ ಹಾಗೇ ಕೊಡಕ್ಕಾಗುತ್ತಾ? ಮೊದಲು ನಾವು ನೋಡಿ, ಆಮೇಲೆ ದೇವರು. ಈ ಸಲದ ದೇವರಂತೂ ತುಂಬಾ ಸಿಡುಕ."

ಭಾರತಮ್ಮನವರು ಎರಡೂ ಕೆನ್ನೆ ಬಡಿದುಕೊಂಡರು. ಆ ಕ್ಷಣದಲ್ಲಾದರೂ ಸುಮಧ್ವ ಅಮ್ಮನ ಮುಖ ನೋಡಿದ್ದರೆ ಎಲ್ಲ ತಿಳಿಯಾಗುತ್ತಿತ್ತು. ಅವನಿಗೆಲ್ಲಿ ಪುರುಸೊತ್ತು? ಅವನು ವಾದಕ್ಕೆ ಇಳಿದಾಗಿತ್ತು.

"ನಾನು ಒಪ್ಪಲ್ಲ ರೀ! ಮೊದಲೇ ಶಿಸ್ತಾಗಿ ಮಾಡಿದ್ರೆ ಟೆಸ್ಟು ಯಾಕೆ ಬೇಕು? ಅದೆಲ್ಲ ನಂಬಿಕೆ ಇಲ್ಲದವರು ಮಾಡೋ ಕೆಲಸ!"

ಮಗ ಧರ್ಮದ ಪರವಾಗಿ ಎದ್ದು ನಿಂತ ಎಂದು ಅಂಬಾಬಾಯಿಯವರ ಕಣ್ಣಲ್ಲಿ ನೀರಾಡಿತು. ಸಜ್ಜಿಗೆಯನ್ನು ಬಾಯಿಗಿಡದೆ ತಟ್ಟೆ ಕೆಳಗಿಟ್ಟು, "ಹೊರಡೋಣ ಕಣೋ" ಎಂದರು. ನರಸಿಂಹಾಚಾರ್ರು ಗಾಬರಿಯಾಗಿ ವ್ಯಾನಿನವರೆಗೂ ಓಡಿ ಬಂದರು. "ಕಾಗದ ಬರೀತೀವಿ" ಎಂದರು ಅಂಬಾಬಾಯಿಯವರು. ಹಾಗೆಂದರೆ ಏನು ಎನ್ನುವುದು ಹೆಣ್ಣು ಹೆತ್ತವರಿಗೆ ಬಿಡಿಸಿ ಹೇಳಬೇಕೆ? ಪಾಪ, ಆ ಮನುಷ್ಯ ಅಲ್ಲೇ ಗೇಟು ಹಿಡಿದುಕೊಂಡು ನಿಂತಿದ್ದರು.

ದಾರಿಯುದ್ದಕ್ಕೂ ನನ್ನ ಪಕ್ಕದಲ್ಲಿ ಸುಮಧ್ವ ಗುನುಗುತ್ತಿದ್ದ. "ಎಂಥಾ ಹುಡುಗಿ ಕಣೋ! ಏನು ವಾದ! ಮದ್ವೆ ಆದ್ಮೇಲೂ ಹೀಗೇ ಜಗಳ ಆಡ್ತಾ ಇರ್ಬಹುದು." ಹಿಂದೆ ಅಂಬಾಬಾಯಿಯವರು ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ಒಂದೇ ವ್ಯಾನಿನಲ್ಲಿ ಮದುವೆಯೂ ನಡೆಯುತ್ತಿತ್ತು, ಮುರಿಯುತ್ತಲೂ ಇತ್ತು. ನಾನು ಡ್ರೈವರು, ಎರಡಕ್ಕೂ ಸಾಕ್ಷಿ.

ಮನೆ ತಲುಪಿದ ಮೇಲೆ, "ನೀನೇ ಚೆನ್ನಾಗಿ ಹೇಳ್ದೆ ಮಗು. ಆ ಹುಡುಗಿ ನಮ್ಮನೆಗೆ ಬೇಡ" ಎಂದರು ಅಂಬಾಬಾಯಿಯವರು. ಸುಮಧ್ವ ಜಗಲಿಯ ಮೇಲೆ ಹಾಗೇ ಕುಸಿದ. ಅವನಿಗೆ ತಾನು ಏನು ಹೇಳಿದೆ ಎನ್ನುವುದೇ ತಿಳಿದಿರಲಿಲ್ಲ.

ಮರುದಿನ ಬೆಳಗಾಗುವಷ್ಟರಲ್ಲಿ ಭಾರತಮ್ಮ ವಿತರಣೆ ಮುಗಿಸಿದ್ದರು. ಬೀದಿಯ ಈ ತುದಿಯಲ್ಲಿ ಹುಡುಗಿ ಒಂದು ಚಮಚ ರುಚಿ ನೋಡಿದವಳಾಗಿದ್ದಳು. ಬಾವಿಕಟ್ಟೆಯ ಹತ್ತಿರ ಅದು ಒಂದು ಬಟ್ಟಲಾಯಿತು. ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಹುಡುಗಿ ನೈವೇದ್ಯದ ಪಾತ್ರೆಯನ್ನೇ ಖಾಲಿ ಮಾಡಿ, "ದೇವರು ಸಿಡುಕ" ಎಂದು ಬೈದು, ಬಾಯಿ ಒರೆಸಿಕೊಂಡು ಹೋಗಿದ್ದಳು.

ವೆಂಕಟರಮಣಪ್ಪನವರು ಬಾಡಿಗೆ ನೆಪದಲ್ಲಿ ನನ್ನ ಬೂತಿಗೆ ಬಂದರು. "ಏಂ ನಾಯನಾ ನರೇಶೂ, ಆ ಪಿಲ್ಲ ದೇವುಡಿಕಂಟೆ ಮುಂದೇ ತಿನೇಸಿಂದಂಟ ಕದಾ? ಹುಡುಗಿ ದೇವರಿಗೆ ಮುಂಚೆ ತಿಂದ್ರೆ ತಪ್ಪೇನೋ, ನಮ್ಮೂರ ಕಡೆ ದೇವರು ಬೇಜಾರು ಮಾಡ್ಕೊಳ್ಳಲ್ಲ. ಆದ್ರೆ ಒಬ್ಬಳೇ ಹಂಡೆ ಪಾಯಸ ಹೆಂಗ್ ಕುಡಿದ್ಳಪ್ಪಾ? ಅದನ್ನ ಹೇಳು."

"ಹಂಡೆ ಅಲ್ಲ ಸಾರ್, ಪಾಯಸಾನೂ ಅಲ್ಲ. ಟೆಸ್ಟು ಸಾರ್, ಟೆಸ್ಟು."

"ಅದೇ ಕಣೋ ನಾನೂ ಹೇಳಿದ್ದು. ಟೇಸ್ಟು."

ಆಗ ನನ್ನ ತಲೆಗೆ ಹೊಳೆಯಿತು. ಅಂಗಡಿ ವೆಂಕಟರಮಣಪ್ಪನವರ ಮೇಲೆ ಬಿಟ್ಟು ಮೇಲೆ ಓಡಿದೆ. ಸುಮಧ್ವ ಫ್ಲಾಪಿ ಡಬ್ಬ ತಬ್ಬಿಕೊಂಡು ಕೂತಿದ್ದ. ವಿಷಯ ಹೇಳಿದೆ. ಅವನು ಹಣೆ ಹಣೆ ಚಚ್ಚಿಕೊಂಡ. ಇಬ್ಬರೂ ಅಂಬಾಬಾಯಿಯವರ ಮುಂದೆ ಹೋಗಿ ನಿಂತೆವು.

"ಅಮ್ಮಾ, ಅವಳು ಹೇಳಿದ್ದು ಟೇಸ್ಟ್ ಅಲ್ಲ, ಟೆಸ್ಟು" ಎಂದ ಸುಮಧ್ವ.

"ಹಂಗಂದ್ರೆ?"

"ಪರೀಕ್ಷೆ ಮಾಡೋದಮ್ಮಾ. ಸರಿಯಾಗಿದೆಯಾ ಅಂತ ನೋಡೋದು" ಎಂದೆ ನಾನು.

"ಅಡುಗೆ ಸರಿಯಾಗಿದೆಯಾ ಅಂತ ನಾಲಿಗೆಗೆ ಹಾಕದೆ ಹೇಗೋ ನೋಡ್ತಾರೆ? ಪರೀಕ್ಷೆ ಅಂದ್ರೂ ಅದೇ, ರುಚಿ ಅಂದ್ರೂ ಅದೇ. ನಿಮ್ಮಿಬ್ಬರಿಗೂ ಅವಳ ಸಜ್ಜಿಗೆ ತಲೆಗೇರಿದೆ."

"ಅಡುಗೆ ಅಲ್ಲಮ್ಮಾ, ಕಂಪ್ಯೂಟರ್ ವಿಷಯ!"

"ಕಂಪ್ಯೂಟರಲ್ಲಿ ಮುಂಚೆ ನೋಡೋವಳು ಅಡುಗೆಮನೇಲಿ ಸುಮ್ನೆ ಇರ್ತಾಳಾ? ಕೈ ಅಭ್ಯಾಸ ಎಲ್ಲಿ ಹೋಗುತ್ತೆ?"

ಆಕೆಯ ಮೊದಲ ಪ್ರಶ್ನೆ ಮಾತ್ರ ನನ್ನ ತಲೆಗೆ ಅಂಟಿಕೊಂಡಿತು. ನಾಲಿಗೆಗೆ ಹಾಕದೆ ಹೇಗೆ ನೋಡುವುದು? ಅಂಗಡಿಯಲ್ಲಿ ಕೂತರೂ ಅದೇ ಯೋಚನೆ, ಜೆರಾಕ್ಸ್ ಮಾಡಿದರೂ ಅದೇ ಯೋಚನೆ. ಯಾರದೋ ಜಾತಿ ಸರ್ಟಿಫಿಕೇಟನ್ನು ಉಲ್ಟಾ ಇಟ್ಟು ಬಿಳಿ ಹಾಳೆ ತೆಗೆದುಕೊಟ್ಟೆ.

ಸುಮಧ್ವನಾದರೋ ಅಮ್ಮನನ್ನು ಒಲಿಸಿಕೊಳ್ಳಲು ತನ್ನದೇ ದಾರಿ ಹಿಡಿದ. ಸಮಾರಾಧನೆಗೆ ಅಡುಗೆಮನೆಯಲ್ಲಿ ಒಂದು ತಪ್ಪೂ ಆಗದಂತೆ ವ್ಯವಸ್ಥೆ ಮಾಡುತ್ತೇನೆಂದು ಪ್ರತಿಯೊಂದು ಸ್ಟೀಲ್ ಡಬ್ಬಕ್ಕೂ ಪ್ರಿಂಟರಿನಲ್ಲಿ ಹೆಸರು ಅಚ್ಚು ಹಾಕಿ ಅಂಟಿಸಿದ. ಹಳೇ ಕಲ್ಲುಪ್ಪಿನ ಬದಲು ಅಂಗಡಿಯಿಂದ ನುಣ್ಣನೆಯ ಪುಡಿ ಉಪ್ಪಿನ ಪೊಟ್ಟಣ ತಂದು ತುಂಬಿಸಿದ. "ಈಗ ನೋಡಮ್ಮಾ! ಹೆಸರು ಓದು, ಹಾಕು. ಜೀರೋ ಎರರ್ಸ್!" ಸಮಾರಾಧನೆಯ ಹಿಂದಿನ ದಿನ ಭಾರತಮ್ಮನವರು ಬಂದು ಡಬ್ಬಗಳನ್ನೆಲ್ಲ ಹೊರಗಿನಿಂದ ತೊಳೆದು ಒರೆಸಿ ಉಪಕಾರ ಮಾಡಿ ಹೋದರು.

ಶನಿವಾರ ಬಂತು. ಸಂಬಂಧ ಬೇಡವಾದರೂ ದೇವರ ಪ್ರಸಾದಕ್ಕೆ ಕರೆದವರನ್ನು ಬರಬೇಡಿ ಅನ್ನಲಾದೀತೆ? ಕರೆಸಿಕೊಂಡವರು ತಾನೇ ಪ್ರಸಾದ ಬೇಡ ಅನ್ನಲಾದೀತೆ? ನರಸಿಂಹಾಚಾರ್ರು ಕೈಮುಗಿದುಕೊಂಡೇ ಒಳಗೆ ಬಂದರು. ಮೃದುಲಾಳ ಮುಖ ಮಾತ್ರ ಕೆಂಪಗಿತ್ತು. ಅಷ್ಟು ಹೊತ್ತಿಗೆ ಅವಳ ಕಿವಿಗೂ ಹಂಡೆ ಪಾಯಸದ ಸುದ್ದಿ ಬಿದ್ದಿತ್ತು.

ಹಿತ್ತಲಲ್ಲಿ ಸೌದೆ ಒಲೆ ಹೂಡಿದ್ದರು. ಒಲೆಯ ಸುತ್ತ ರಂಗೋಲಿಯ ಗೆರೆ. ಗೆರೆಯ ಒಳಗೆ ಮಡಿಯುಟ್ಟ ಅಂಬಾಬಾಯಿಯವರು ಒಬ್ಬರೇ, ಹೊರಗೆ ನಾವೆಲ್ಲ. ಅಡುಗೆ ಮುಗಿಯುತ್ತ ಬಂದಿತ್ತು, ಸಾರು ಹುಳಿಗೆ ಉಪ್ಪು ಹಾಕುವುದನ್ನು ಮಾತ್ರ ಆಕೆ ನೈವೇದ್ಯದ ಹೊತ್ತಿಗೆ ಉಳಿಸಿಕೊಂಡಿದ್ದರು. ಕಡೆಗೆ ರವೆ ಉಂಡೆ. ತುಪ್ಪದಲ್ಲಿ ಹುರಿದ ರವೆ ಪರಾತದಲ್ಲಿ ಘಮಘಮಿಸುತ್ತಿತ್ತು. ಅಂಬಾಬಾಯಿಯವರು ಡಬ್ಬ ಎತ್ತಿಕೊಂಡು, ಮುಚ್ಚಳದ ಮೇಲಿದ್ದ 'ಸಕ್ಕರೆ ಪುಡಿ' ಎನ್ನುವುದನ್ನು ಗಟ್ಟಿಯಾಗಿ ಓದಿದರು. ಆಕೆಯ ಜೀವಮಾನದಲ್ಲೇ ಉಪ್ಪು ಎಂದರೆ ಕಲ್ಲು, ಪುಡಿ ಎಂದರೆ ಸಕ್ಕರೆ. ಮುಚ್ಚಳ ತೆಗೆದು ಬಗ್ಗಿಸಬೇಕು, ಅಷ್ಟರಲ್ಲಿ ಮೃದುಲಾ ಗೆರೆಯಾಚೆಯಿಂದ, "ಅಮ್ಮಾ, ಒಂದು ನಿಮಿಷ" ಎಂದಳು.

ಅಂಬಾಬಾಯಿಯವರು ಡಬ್ಬ ಹಿಡಿದುಕೊಂಡೇ ಅವಳ ಕಡೆ ತಿರುಗಿದರು.

"ಹೆಸರನ್ನ ಮುಚ್ಚಳಕ್ಕೆ ಅಂಟ್ಸಿದ್ದಾರಲ್ಲ. ತೊಳೆಯೋವಾಗ ಮುಚ್ಚಳ ಅದಲುಬದಲಾಗಿದ್ರೆ?"

ಎಲ್ಲರೂ ಭಾರತಮ್ಮನವರ ಕಡೆ ನೋಡಿದರು. ಭಾರತಮ್ಮನವರು ಆಕಾಶದ ಕಡೆ ನೋಡಿದರು. ಸುಮಧ್ವ, "ಹಾಗೆಲ್ಲ ಆಗಲ್ಲ, ನಾನೇ..." ಎಂದು ಶುರುಮಾಡಿದವನು ಅರ್ಧಕ್ಕೆ ನಿಲ್ಲಿಸಿದ. ಅಂಬಾಬಾಯಿಯವರು ಡಬ್ಬದೊಳಗೆ ನೋಡಿದರು. ಬೆಳ್ಳಗೆ ನುಣ್ಣಗೆ ಇತ್ತು. ಪಕ್ಕದ ಡಬ್ಬದಲ್ಲೂ ಬೆಳ್ಳಗೆ ನುಣ್ಣಗೇ ಇತ್ತು. ನೈವೇದ್ಯಕ್ಕೆ ಹೊತ್ತಾಗುತ್ತಿದೆ. ತಪ್ಪಿದ್ದರೆ ದೇವರ ಮುಂದೆ ಉಪ್ಪಿನುಂಡೆ. ನಾಲಿಗೆಗೆ ಮುಟ್ಟಿಸಿದರೆ ಡಬ್ಬವೇ ಎಂಜಲು.

"ನೀನೇ ಹೇಳಿದ್ಯಲ್ಲ ಟೆಸ್ಟು ಅಂತ" ಎಂದರು ಆಕೆ. ದನಿಯಲ್ಲಿ ಕೋಪವೂ ಇತ್ತು, ಬೇಡಿಕೆಯೂ ಇತ್ತು. "ನಾಲಿಗೆಗೆ ಹಾಕದೆ ಮಾಡೋ ಹಂಗಿದ್ರೆ ಈಗ ಮಾಡು, ನೋಡ್ತೀನಿ."

ನಾನು ಕತ್ತು ಮುಂದಕ್ಕೆ ಚಾಚಿದೆ. ಒಂದು ವಾರದಿಂದ ನನ್ನ ತಲೆ ಕೊರೆಯುತ್ತಿದ್ದ ಪ್ರಶ್ನೆಯಲ್ಲವೇ!

"ಒಂದು ಚಿಟಿಕೆ ಕೆಂಡದ ಮೇಲೆ ಹಾಕಿ ಅಮ್ಮ" ಎಂದಳು ಮೃದುಲಾ. "ಸಕ್ಕರೆ ಆದ್ರೆ ಕರಗಿ, ನೊರೆ ಬಂದು, ಕಪ್ಪಾಗ್ಬೇಕು. ಆಗ್ಲಿಲ್ಲ ಅಂದ್ರೆ ಅದು ಸಕ್ಕರೆ ಅಲ್ಲ."

ಅಂಬಾಬಾಯಿಯವರು ಒಂದು ಚಿಟಿಕೆ ಎತ್ತಿ ಕೆಂಡದ ಮೇಲೆ ಉದುರಿಸಿದರು. ಚಟಪಟ ಎಂದಿತು. ಕರಗಲಿಲ್ಲ, ಕಪ್ಪಾಗಲಿಲ್ಲ. ಪಕ್ಕದ ಡಬ್ಬದಿಂದ, ಮುಚ್ಚಳದ ಮೇಲೆ 'ಉಪ್ಪು' ಎಂದಿದ್ದ ಡಬ್ಬದಿಂದ, ಇನ್ನೊಂದು ಚಿಟಿಕೆ. ಅದು ಸೊರ್ರೆಂದು ಕರಗಿ ಕಪ್ಪು ಗುಳ್ಳೆಯಾಯಿತು.

"ಶ್ರೀನಿವಾಸಾ!" ಎಂದು ಅಂಬಾಬಾಯಿಯವರು ಅಲ್ಲೇ ಮಣೆಯ ಮೇಲೆ ಕೂತರು.

ಭಾರತಮ್ಮನವರಿಗೆ ತಮ್ಮ ತಪ್ಪು ಮುಚ್ಚಿಕೊಳ್ಳಲು ಒಂದು ಧರ್ಮಸೂಕ್ಷ್ಮ ಸಿಕ್ಕಿತು. "ಅಲ್ವೇ ಅಂಬಾ, ದೇವರಿಗೆ ಮುಂಚೆ ಅಗ್ನಿ ತಿಂದ ಹಾಗಾಯ್ತಲ್ಲೇ?"

"ಅಗ್ನೀನೂ ದೇವರೇ ಕಣೇ. ನಿನ್ನ ಹಾಗೆ ಊರೆಲ್ಲ ಹೇಳ್ಕೊಂಡು ಬರಲ್ಲ" ಎಂದರು ಅಂಬಾಬಾಯಿಯವರು. ನನಗೆ ಶಿಳ್ಳೆ ಹಾಕಬೇಕೆನ್ನಿಸಿತು, ಮಡಿ ಎಂದು ಸುಮ್ಮನಾದೆ.

ಸಕ್ಕರೆ ರವೆಗೆ ಬಿತ್ತು. ಗೆದ್ದ ಹುರುಪಿನಲ್ಲಿ ಮೃದುಲಾ, "ಈಗ ಬಿಸಿ ಹಾಲು ಚಿಮುಕಿಸಿ ಉಂಡೆ ಕಟ್ಟಿಬಿಡಿ ಅಮ್ಮ" ಎಂದಳು. ಸುಮಧ್ವನಂತೂ ಹಾಲಿನ ಚೆಂಬು ಹುಡುಕಿಕೊಂಡು ಓಡಿಯೂ ಆಗಿತ್ತು.

"ನಿಲ್ಲೋ!" ಅಂಬಾಬಾಯಿಯವರ ಕೂಗಿಗೆ ಅವನು ಬಾವಿಯ ಹತ್ತಿರ ಜಾರಿ ಕೂತ. "ಹಾಲಂತೆ ಹಾಲು! ಯಾವ ವ್ರತ ನಡೀತಿದೆ?"

ಮೃದುಲಾ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಕ್ಷೀರವ್ರತ! ಹಾಸ್ಟೆಲಲ್ಲಿದ್ದು ಇದ್ದು ಮರೆತೇಹೋಯ್ತು. ಭಾನುವಾರ ಅಪ್ಪ ನೆನಪು ಮಾಡಿದ್ದಕ್ಕೆ ಕಾಫಿ ಸರಿಯಾಯ್ತು."

ಅಂಬಾಬಾಯಿಯವರು ಹಾಲಿನ ಬದಲು ಬಿಸಿ ತುಪ್ಪ ಹುಯ್ದುಕೊಂಡು ಉಂಡೆ ಕಟ್ಟತೊಡಗಿದರು. ಎಂಥ ನೀಟಾದ ಉಂಡೆಗಳು!

ನಾನು ತಡೆಯಲಾರದೆ ಕೇಳಿದೆ: "ಅಲ್ಲಮ್ಮ ಮೃದುಲಾ, ಹಾಲನ್ನೂ ಕೆಂಡಕ್ಕೆ ಹಾಕಿ ನೋಡಿದ್ದಿದ್ರೆ?"

"ಏನೂ ಗೊತ್ತಾಗ್ತಿರ್ಲಿಲ್ಲ ಅಣ್ಣ. ಅದು ಹಾಲೇ ಅಂತ ಕೆಂಡ ಹೇಳೋದು, ನಾನೂ ಸರಿ ಅನ್ನೋಳು. ನನಗೆ ಕೇಳಬೇಕು ಅಂತ ಹೊಳೆದಿದ್ದಕ್ಕೆ ಮಾತ್ರ ಟೆಸ್ಟು ಉತ್ತರ ಕೊಡುತ್ತೆ. ಹೊಳೀದೇ ಇರೋದನ್ನ ಬಾಗಿಲಲ್ಲೇ ತಡೆಯೋಕೆ ಅಮ್ಮ ಬೇಕು." ಸುಮಧ್ವನ ಕಡೆ ಕೈ ತೋರಿಸಿ ಅಂದಳು, "ಕಂಪೈಲರ್‌ನ ನಾನು ಬೇಡ ಅಂದಿಲ್ಲ. ಅದೊಂದೇ ಸಾಕು ಅಂದಿದ್ದು ಇವರು."

ಅಂಬಾಬಾಯಿಯವರಿಗೆ ಕಂಪೈಲರ್ ಎಂದರೇನೆಂದು ಗೊತ್ತಿರಲಿಲ್ಲ. ಆದರೆ 'ಅಮ್ಮ ಬೇಕು' ಎನ್ನುವುದು ಮಂದವಾದ ಎಡಗಿವಿಗೂ ಸ್ಪಷ್ಟವಾಗಿ ಕೇಳಿಸಿತು. ತಲೆ ಬಗ್ಗಿಸಿಕೊಂಡು ಇನ್ನೂ ಒಂದೆರಡು ಉಂಡೆ ಕಟ್ಟಿದರು.

ನೈವೇದ್ಯವಾಯಿತು, ಮಂಗಳಾರತಿಯಾಯಿತು, ಊಟವಾಯಿತು. ವೆಂಕಟರಮಣಪ್ಪನವರು ಉಂಡೆಯ ಮೇಲೆ ಉಂಡೆ ಇಳಿಸುತ್ತ, "ಈ ಪಿಲ್ಲ ಹಂಡೆ ಕುಡಿದಿದ್ರೂ ತಪ್ಪಿಲ್ಲಪ್ಪಾ" ಎಂದು ತೀರ್ಪು ಕೊಟ್ಟರು. ಎಲೆ ಎತ್ತಿದ ಮೇಲೆ ಅಂಬಾಬಾಯಿಯವರು ನರಸಿಂಹಾಚಾರ್ರನ್ನು ಪಡಸಾಲೆಗೆ ಕರೆದರು.

"ಭಾನುವಾರ ನಾನು ತಪ್ಪಾಗಿ ಕೇಳಿಸ್ಕೊಂಡೆ. ಮನಸ್ಸಿಗೆ ಹಾಕ್ಕೋಬೇಡಿ. ನಮ್ಮ ಕಡೆಯಿಂದ ಒಪ್ಪಿಗೆ."

ನರಸಿಂಹಾಚಾರ್ರ ಕಣ್ಣು ತುಂಬಿತು. ಸುಮಧ್ವ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ ನನ್ನ ಉಂಗುರ ಬೆರಳಿಗೆ ಒತ್ತಿತು.

"ನನ್ನ ಒಪ್ಪಿಗೆ ಇನ್ನೂ ಯಾರೂ ಕೇಳಿಲ್ಲ" ಎಂದಳು ಮೃದುಲಾ. "ನಾನೊಂದು ಟೆಸ್ಟ್ ಮಾಡ್ಬೇಕು."

"ಮಾಡಮ್ಮ" ಎಂದರು ಅಂಬಾಬಾಯಿಯವರು, ಆ ಪದವನ್ನು ಹತ್ತಾರು ವರ್ಷದಿಂದ ಬಲ್ಲವರ ಹಾಗೆ. "ಹಿತ್ತಲಲ್ಲಿ ಕೆಂಡ ಇನ್ನೂ ಆರಿಲ್ಲ."

ಸುಮಧ್ವ ನನ್ನ ಹಿಂದಕ್ಕೆ ಸರಿದ. ಮೃದುಲಾ ಅವನನ್ನೇ ನೋಡುತ್ತ ಕೇಳಿದಳು: "ಭಾನುವಾರ ನಾನು ಒಂದು ಹೇಳ್ದೆ, ನಿಮ್ಮಮ್ಮನಿಗೆ ಇನ್ನೊಂದು ಕೇಳಿಸ್ತು. ಅವರು ತಟ್ಟೆ ಕೆಳಗಿಟ್ರು. ನೀವು ಪಕ್ಕದಲ್ಲೇ ಕೂತಿದ್ರಿ. ನಿಮಗೆ ಗೊತ್ತಾಗ್ಲಿಲ್ವಾ?"

ಅವನು ಕನ್ನಡಕ ಮೇಲಕ್ಕೇರಿಸಿದ. ನಾನು ಕಣ್ಣು ಮುಚ್ಚಿಕೊಂಡೆ. ಈಗ ಬರುತ್ತದೆ ಜೀರೋ ಎರರ್ಸು, ಕೆಟ್ಟಿತು ಕೆಲಸ ಎಂದುಕೊಂಡೆ. ಅವನು ಕನ್ನಡಕವನ್ನೇ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಗೊತ್ತಾಗ್ಲಿಲ್ಲ" ಎಂದ. "ನಾನು ನೋಡ್ಲೇ ಇಲ್ಲ. ನಾನು ಮಾತಾಡ್ತಾ ಇದ್ದೆ."

"ಫೇಲ್" ಎಂದಳು ಮೃದುಲಾ.

ನರಸಿಂಹಾಚಾರ್ರು ತಲೆಯ ಮೇಲೆ ಕೈಹೊತ್ತು ಕಂಬಕ್ಕೆ ಒರಗಿದರು. ಭಾರತಮ್ಮನವರು ಬೀದಿಗೆ ಹೊರಡಲು ಸೆರಗು ಸರಿಮಾಡಿಕೊಂಡರು. ಸುಮಧ್ವನ ಮುಖ ನೋಡಲಾಗಲಿಲ್ಲ. ಅಷ್ಟರಲ್ಲಿ ಆ ಹುಡುಗಿಗೆ ನಗು ತಡೆಯಲಾಗಲಿಲ್ಲ.

"ಯಾಕೆಲ್ಲ ಗಾಬರಿ ಆಗ್ತೀರಾ? ನಮ್ಮ ಪದ್ಧತೀಲಿ ಮೊದಲು ಫೇಲಾಗ್ಲೇಬೇಕು ಅಪ್ಪ. ಮೊದಲ ಸಲಾನೇ ಪಾಸಾದ್ರೆ ಟೆಸ್ಟೇ ಸರಿಯಿಲ್ಲ ಅಂತ ಅರ್ಥ. ಫೇಲಾದ್ಮೇಲೆ ಕೂತ್ಕೊಂಡು, ಸರಿಮಾಡಿ, ಪಾಸ್ ಮಾಡ್ಸೋದು. ಅದೇ ಕೆಲಸ."

ಅಂಬಾಬಾಯಿಯವರು ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಹುಡುಗಿಯ ಹತ್ತಿರ ಬಂದು ಬಲಗಿವಿ ಮುಂದೆ ಮಾಡಿ ಕೇಳಿದರು: "ಇವನನ್ನ ಸರಿಮಾಡೋಕೆ ಎಷ್ಟು ದಿನ ಹಿಡಿಯುತ್ತಮ್ಮಾ?"

"ಅದನ್ನ ಮದುವೆ ಆದ್ಮೇಲೇ ಹೇಳಕ್ಕಾಗೋದು ಅತ್ತೆ" ಎಂದಳು ಮೃದುಲಾ.